ಇನ್‌ಫ್ಲುಯೆಂಜಾ ವೈರಸ್ಸಿನ ಹೊರಮೈ ಪ್ರೋಟೀನು: ಒಂದು ಪಾಠಾಂತರ ವಿಚಾರ (ಬೋನಾಳ ಕೆರೆಯ ಹಿನ್ನೆಲೆಯಲ್ಲಿ)

ಸುರಪುರ ತಾಲ್ಲೂಕಿನ ಬೋನಾಳ ಕೆರೆಯು 17ನೆಯ ಶತಮಾನದಲ್ಲಿ ಸುರಪುರದ ದೊರೆ ಪಾಮನಾಯಕನಿಂದ ನಿರ್ಮಾಣಗೊಂಡು, 19ನೆಯ ಶತಮಾನದ ಮಧ್ಯಭಾಗದಲ್ಲಿ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನ ಕಾಲದಲ್ಲಿ ಅಭಿವೃದ್ಧಿ ಹೊಂದಿತೆಂಬುದು ಆ ಭಾಗದ ಚರಿತ್ರೆಯನ್ನು ಬಲ್ಲವರಿಗೆ ಪರಿಚಿತ ಸಂಗತಿ. ಇಂದು ಅದು ಪಕ್ಷಿಧಾಮವೆಂದು ಹೆಸರಾಗಿದೆ. ಚಳಿಗಾಲದಲ್ಲಿ ಅಲ್ಲಿಗೆ ಬರುವ ವಲಸೆ ಹಕ್ಕಿಗಳಲ್ಲಿ ಪಟ್ಟೆತಲೆಯ ಹೆಬ್ಬಾತು ಪ್ರಮುಖವಾದುದು. ಟಿಬೆಟ್, ಮಂಗೋಲಿಯಾ, ಚೀನಾದ ಚಿಂಗ್‌ಹಾಯ್ ಸರೋವರ ಮುಂತಾದ ಎತ್ತರದ ನೆಲೆಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ದಖ್ಖನಿನ ಕೆರೆಗಳಿಗೆ ಇಳಿಯುವ ಹಕ್ಕಿ ಇದು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದದ್ದುಂಟು. 2005ರ ಮೇ ತಿಂಗಳಲ್ಲಿ ಇದೇ ಚಿಂಗ್‌ಹಾಯ್ ಸರೋವರದಲ್ಲಿ ಎಚ್5ಎನ್1 ಇನ್‌ಫ್ಲುಯೆಂಜಾದಿಂದ ಆರು ಸಾವಿರಕ್ಕೂ ಮಿಕ್ಕಿ ಕಾಡುಹಕ್ಕಿಗಳು ಸತ್ತವು. ಸತ್ತವುಗಳಲ್ಲಿ ಹೆಚ್ಚಿನವು ಪಟ್ಟೆತಲೆಯ ಹೆಬ್ಬಾತುಗಳೇ. ಅಲ್ಲಿಂದೀಚೆಗೆ 'ಹಕ್ಕಿಜ್ವರ' ಎಂಬ ಪದವು ಪತ್ರಿಕೆಗಳಲ್ಲಿ ಕಾಣಿಸಿಕೊಂಡಾಗಲೆಲ್ಲ ಕೆರೆಯಂಚಿನ ಊರುಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಹಕ್ಕಿಯ ರೋಗ ಮನುಷ್ಯನಿಗೆ ಬರುವುದೇ? ಬರುವುದಾದರೆ ಮನುಷ್ಯನಿಂದ ಮನುಷ್ಯನಿಗೆ ಏಕೆ ಹರಡಲಿಲ್ಲ?

ಈ ಪ್ರಶ್ನೆಗೆ ಉತ್ತರ ಇರುವುದು ವೈರಸ್ಸಿನ ಹೊರಮೈಯಲ್ಲಿರುವ ಒಂದು ಪ್ರೋಟೀನಿನ ತುದಿಯಲ್ಲಿ, ಅಲ್ಲಿಯೂ ಬೆರಳೆಣಿಕೆಯ ಕೆಲವು ಸ್ಥಾನಗಳಲ್ಲಿ. ಅದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕನ್ನಡ ವಿಭಾಗದ ಪತ್ರಿಕೆಯಲ್ಲಿ ಇಂತಹ ವಿಷಯ ಏಕೆ ಎಂಬ ಆಕ್ಷೇಪಕ್ಕೆ ಎರಡು ಸಮಾಧಾನಗಳುಂಟು. ಆರೋಗ್ಯ ಇಲಾಖೆಯ ಕರಪತ್ರವಾಗಲಿ, ಪಠ್ಯಪುಸ್ತಕದ ಪಾಠವಾಗಲಿ, ಕೊನೆಗೆ ಕನ್ನಡ ಬಲ್ಲವರ ಕೈಯಿಂದಲೇ ಹೊರಬರುತ್ತದೆ; ಅಲ್ಲಿ ಪದ ತಪ್ಪಿದರೆ ತಿಳಿವಳಿಕೆಯೂ ತಪ್ಪುತ್ತದೆ. ಎರಡನೆಯದಾಗಿ, ಹಸ್ತಪ್ರತಿಗಳ ಪಾಠಾಂತರಗಳೊಡನೆ ಹೆಣಗಿದ ಓದುಗರಿಗೆ ಈ ವಿಷಯವು ಜೀವವಿಜ್ಞಾನದ ವಿದ್ಯಾರ್ಥಿಗಿಂತಲೂ ಸುಲಭವಾಗಿ ತಿಳಿಯಬಹುದೆಂಬುದು ಈ ಲೇಖಕನ ಅನುಭವ.

ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ. ಎಚ್5ಎನ್1 ಎಂಬಲ್ಲಿನ 'ಎಚ್' ಹೀಮಾಗ್ಲುಟಿನಿನ್ ಎಂಬ ಪ್ರೋಟೀನಿನ ಮೊದಲಕ್ಷರ. 1941ರಲ್ಲಿ ಅಮೆರಿಕದ ಜಾರ್ಜ್ ಹರ್ಸ್ಟ್ ಎಂಬ ವಿಜ್ಞಾನಿ, ವೈರಸ್ಸು ತುಂಬಿದ ಕೋಳಿಮೊಟ್ಟೆಯ ದ್ರವಕ್ಕೆ ರಕ್ತ ಬೆರೆತಾಗ ಕೆಂಪುಕಣಗಳು ಒಂದಕ್ಕೊಂದು ಅಂಟಿ ಗಂಟುಗಟ್ಟುವುದನ್ನು ಕಂಡನು. 'ರಕ್ತವನ್ನು ಅಂಟಿಸುವಂಥದು' ಎಂಬುದೇ ಆ ದೊಡ್ಡ ಹೆಸರಿನ ಅರ್ಥ. ಹರ್ಸ್ಟ್ ಮತ್ತೊಂದನ್ನೂ ಗಮನಿಸಿದನು: ಸ್ವಲ್ಪ ಹೊತ್ತಿನ ಮೇಲೆ ಕಣಗಳು ತಾವಾಗಿಯೇ ಬಿಟ್ಟುಕೊಂಡವು, ಬಿಟ್ಟ ಕಣಗಳಿಗೆ ಹೊಸ ವೈರಸ್ಸು ಸೇರಿಸಿದರೂ ಅವು ಮತ್ತೆ ಅಂಟಲಿಲ್ಲ. ಅಂದರೆ ವೈರಸ್ಸಿನಲ್ಲಿ ಅಂಟಿಸುವ ಸಾಧನದಂತೆ ಬಿಡಿಸುವ ಸಾಧನವೂ ಇದೆ. ಅದು ಅಂಟುವ ನೆಲೆಯನ್ನೇ ಕತ್ತರಿಸಿಹಾಕುತ್ತದೆ. ಆ ಕತ್ತರಿಯೇ ನ್ಯೂರಾಮಿನಿಡೇಸ್, 'ಎನ್'. ಅದು ಕತ್ತರಿಸುವ ವಸ್ತು ಸಯಾಲಿಕ್ ಆಮ್ಲವೆಂಬ ಸಕ್ಕರೆ. ಸ್ವೀಡನ್ನಿನ ಗುನ್ನಾರ್ ಬ್ಲಿಕ್ಸ್ 1936ರಲ್ಲಿ ಇದನ್ನು ದನದ ಜೊಲ್ಲುಗ್ರಂಥಿಯ ಲೋಳೆಯಿಂದ ಬೇರ್ಪಡಿಸಿದ್ದರಿಂದ ಗ್ರೀಕ್ ಭಾಷೆಯ 'ಜೊಲ್ಲು' ಎಂಬ ಪದದಿಂದ ಆ ಹೆಸರು ಬಂದಿತು. ಜರ್ಮನಿಯ ಅರ್ನ್ಸ್ಟ್ ಕ್ಲೆಂಕ್ ಮಿದುಳಿನ ಕೊಬ್ಬಿನಿಂದ ಪಡೆದು 1941ರಲ್ಲಿ ನ್ಯೂರಾಮಿನಿಕ್ ಆಮ್ಲವೆಂದು ಕರೆದದ್ದು ಇದೇ ಕುಲದ ವಸ್ತುವನ್ನು. ಒಂದೇ ವಸ್ತುವಿಗೆ ಜೊಲ್ಲಿನ ಹೆಸರೊಂದು, ಮಿದುಳಿನ ಹೆಸರೊಂದು. ಈ ಗೊಂದಲದ ಶೇಷವು ಇಂದಿಗೂ ಪಠ್ಯಗಳಲ್ಲಿ ಉಳಿದುಬಂದಿದೆ.

ಜೀವಕೋಶದ ಹೊರಮೈಯಲ್ಲಿ ವೈರಸ್ಸು ಹಿಡಿದುಕೊಳ್ಳುವ ನೆಲೆಗೆ ಕನ್ನಡದ ವಿಜ್ಞಾನ ಪುಸ್ತಕಗಳು 'ಗ್ರಾಹಕ' ಎಂಬ ಪದವನ್ನು ಬಳಸುತ್ತವೆ. ಸಂಸ್ಕೃತದ ದೃಷ್ಟಿಯಿಂದ ಪದ ಸರಿಯಾದುದೇ. ಆದರೆ ನಮ್ಮ ಭಾಗದ ವಿದ್ಯಾರ್ಥಿಗೆ ಗ್ರಾಹಕನೆಂದರೆ ಅಂಗಡಿಯ ಗಿರಾಕಿ. ಜೀವಕೋಶವು ವೈರಸ್ಸನ್ನು ಬಯಸಿ ಕೊಳ್ಳಲು ಬಂದಂತೆ ಅರ್ಥ ಮೂಡುತ್ತದೆ. ಈ ಸಕ್ಕರೆಗಳಿಗೆ ಜೀವಕೋಶದಲ್ಲಿ ಬೇರೆ ಬೇರೆ ಕೆಲಸಗಳಿವೆ. ವೈರಸ್ಸು ಅವುಗಳನ್ನು ದುರುಪಯೋಗಪಡಿಸಿಕೊಳ್ಳುತ್ತದೆ, ಅಷ್ಟೆ. ಆದ್ದರಿಂದ ಈ ಲೇಖನದಲ್ಲಿ 'ಅಂಟುನೆಲೆ' ಎಂಬ ಪದವನ್ನು ಬಳಸಲಾಗಿದೆ.

ಸಯಾಲಿಕ್ ಆಮ್ಲವು ಕೋಶದ ಮೇಲಿನ ಸಕ್ಕರೆ ಸರಪಳಿಯ ತುದಿಯಲ್ಲಿ ಕುಳಿತಿರುತ್ತದೆ. ಅದರ ಹಿಂದಿನ ಕೊಂಡಿ ಗ್ಯಾಲಕ್ಟೋಸ್ ಎಂಬ ಇನ್ನೊಂದು ಸಕ್ಕರೆ. ಇವೆರಡೂ ಎಲ್ಲಿ ಕೂಡುತ್ತವೆ ಎಂಬುದರಲ್ಲಿ ವ್ಯತ್ಯಾಸವಿದೆ. ಗ್ಯಾಲಕ್ಟೋಸಿನ ಮೂರನೆಯ ಇಂಗಾಲಕ್ಕೆ ಕೂಡಿದರೆ ಸರಪಳಿಯ ತುದಿ ನೀಳವಾಗಿ ಚಾಚಿಕೊಳ್ಳುತ್ತದೆ. ಆರನೆಯ ಇಂಗಾಲಕ್ಕೆ ಕೂಡಿದರೆ ಬಾಗಿಕೊಳ್ಳುತ್ತದೆ. ಪದಗಳೆರಡೂ ಅವೇ, ಸಂಧಿ ಮಾತ್ರ ಬೇರೆ. ನೀರುಹಕ್ಕಿಗಳ ಕರುಳಿನಲ್ಲಿ ಹೇರಳವಾಗಿರುವುದು ಮೂರನೆಯ ಸ್ಥಾನದ ಸಂಧಿ. ಮನುಷ್ಯನ ಮೂಗು, ಗಂಟಲು, ಶ್ವಾಸನಾಳಗಳಲ್ಲಿ ಹೇರಳವಾಗಿರುವುದು ಆರನೆಯ ಸ್ಥಾನದ ಸಂಧಿ. ಹಕ್ಕಿಯ ವೈರಸ್ಸು ನೀಳರೂಪವನ್ನೂ ಮನುಷ್ಯನ ವೈರಸ್ಸು ಬಾಗಿದ ರೂಪವನ್ನೂ ಹಿಡಿಯಬಲ್ಲುದು. ಬೋನಾಳದ ಹೆಬ್ಬಾತಿಗೂ ಅದರ ದಡದಲ್ಲಿ ಕುರಿ ಮೇಯಿಸುವವನಿಗೂ ನಡುವೆ ಇರುವ ಮುಖ್ಯವಾದ ತಡೆಗೋಡೆ ಇದೇ. ಆದರೆ ಗೋಡೆ ಎಲ್ಲೆಡೆಯೂ ಒಂದೇ ಎತ್ತರವಿಲ್ಲ. ಮನುಷ್ಯನ ಶ್ವಾಸಕೋಶದ ಆಳದಲ್ಲಿ, ಗಾಳಿಗೂಡುಗಳ ಕೋಶಗಳ ಮೇಲೆ, ಹಾಗೆಯೇ ಕಣ್ಣಿನ ಒಳಪೊರೆಯಲ್ಲಿ, ನೀಳರೂಪವೂ ಇದೆಯೆಂದು ತಿಳಿದುಬಂದಿದೆ. ಎಚ್5ಎನ್1 ಮನುಷ್ಯನಿಗೆ ಅಪರೂಪವಾಗಿ ತಗಲುವುದಕ್ಕೂ, ತಗಲಿದಾಗ ಶ್ವಾಸಕೋಶವನ್ನು ಕೆಡಿಸುವುದಕ್ಕೂ, ಕೆಮ್ಮು ಸೀನುಗಳ ಮೂಲಕ ಇನ್ನೊಬ್ಬರಿಗೆ ಸುಲಭವಾಗಿ ದಾಟದಿರುವುದಕ್ಕೂ ಇದೊಂದು ದೊಡ್ಡ ಕಾರಣ. 2003ರಿಂದ 2025ರ ಮಧ್ಯಭಾಗದವರೆಗೆ ಜಗತ್ತಿನಲ್ಲಿ ವರದಿಯಾದ ಮಾನವ ಪ್ರಕರಣಗಳು ಸುಮಾರು 990. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮೃತರಾದರು. ಸಂಖ್ಯೆ ಸಣ್ಣದು, ಸಾವಿನ ಪಾಲು ದೊಡ್ಡದು.

ಈ ಹಿಡಿತವನ್ನು ವಿವರಿಸಲು ಪಠ್ಯಗಳು 'ಬೀಗ–ಕೀಲಿ'ಯ ಹೋಲಿಕೆಯನ್ನು ನೀಡುವುದು ವಾಡಿಕೆ. ಯಾದಗಿರಿ ಸೀಮೆಯಲ್ಲಿ ಈ ಹೋಲಿಕೆ ಮೊದಲ ಹೆಜ್ಜೆಯಲ್ಲಿಯೇ ಎಡವುತ್ತದೆ. ಇಲ್ಲಿ 'ಕೀಲಿ'ಯೆಂದರೆ ಬೀಗವೇ. ತೆರೆಯುವ ಸಾಧನಕ್ಕೆ 'ಕೀಲಿಕೈ' ಎನ್ನುತ್ತಾರೆ. ಬೀಗಕ್ಕೆ ಬೀಗವನ್ನು ಹೊಂದಿಸುವುದು ಹೇಗೆಂದು ವಿದ್ಯಾರ್ಥಿ ಕಕ್ಕಾಬಿಕ್ಕಿಯಾದರೆ ತಪ್ಪು ಅವನದಲ್ಲ. ಪದದ ತೊಡಕನ್ನು ಬಿಟ್ಟರೂ ಹೋಲಿಕೆಯೇ ಪೂರ್ತಿ ಸರಿಯಲ್ಲ. ಒಂದು ಹೀಮಾಗ್ಲುಟಿನಿನ್ ಒಂದು ಸಯಾಲಿಕ್ ಆಮ್ಲವನ್ನು ಹಿಡಿಯುವ ಹಿಡಿತ ಬಹಳ ದುರ್ಬಲವಾದುದು, ಕ್ಷಣದಲ್ಲಿ ಸಡಿಲುವಂಥದು. ವೈರಸ್ಸಿನ ಮೈಮೇಲೆ ಇಂತಹ ಮೊಳೆಗಳು ಮುನ್ನೂರರಿಂದ ಐದುನೂರರವರೆಗೆ ಇರುವುದರಿಂದ, ಹಲವು ಒಟ್ಟಿಗೆ ತೊಡಕಿಕೊಂಡಾಗ ಹಿಡಿತ ಗಟ್ಟಿಯಾಗುತ್ತದೆ. ಹೊಲದ ಬದುವಿನಲ್ಲಿ ನಡೆದುಬಂದವನ ಧೋತರಕ್ಕೆ ಅಂಟಿದ ಉತ್ತರಾಣಿಯ ಕಾಳುಗಳನ್ನು ನೆನೆಯುವುದು ಹೆಚ್ಚು ಸಮಂಜಸ. ಒಂದೊಂದೇ ಕಾಳನ್ನು ಕೀಳುವುದು ಸುಲಭ. ತೆನೆಯೇ ಅಂಟಿದಾಗ ಬಟ್ಟೆ ಹರಿದೀತೆಂಬ ಭಯ. ಈ ಹೋಲಿಕೆಯಿಂದ ಇನ್ನೊಂದು ಪ್ರಯೋಜನವಿದೆ. ಬೀಗವು ತೆರೆಯುತ್ತದೆ ಇಲ್ಲವೇ ತೆರೆಯುವುದಿಲ್ಲ. ಆದರೆ ಅಂಟುವಿಕೆಯಲ್ಲಿ ಹೆಚ್ಚುಕಡಿಮೆಗಳಿವೆ. ಮುಂದೆ ಹೇಳಲಿರುವ ಬದಲಾವಣೆಗಳೆಲ್ಲವೂ ಈ ಹೆಚ್ಚುಕಡಿಮೆಯ ಲೆಕ್ಕಾಚಾರಕ್ಕೆ ಸೇರಿದವು.

ಇನ್ನು ಬದಲಾವಣೆಯ ವಿಚಾರ. ಇನ್‌ಫ್ಲುಯೆಂಜಾ ವೈರಸ್ಸಿನ ಗ್ರಂಥವು ಆರ್‌ಎನ್‌ಎ ಎಂಬ ಓಲೆಯ ಮೇಲೆ, ಎಂಟು ಬಿಡಿ ಗರಿಗಳಲ್ಲಿ, ಸುಮಾರು ಹದಿಮೂರೂವರೆ ಸಾವಿರ ಅಕ್ಷರಗಳಲ್ಲಿ ಬರೆದದ್ದು. ಅದನ್ನು ನಕಲುಮಾಡುವ ಲಿಪಿಕಾರ ವೈರಸ್ಸಿನದೇ ಒಂದು ಕಿಣ್ವ. ಬರೆದುದನ್ನು ಹಿಂದಿರುಗಿ ನೋಡಿ ತಿದ್ದುವ ಅಭ್ಯಾಸ ಆ ಲಿಪಿಕಾರನಿಗಿಲ್ಲ. ಆದ್ದರಿಂದ ಒಂದು ಪ್ರತಿಯಿಂದ ಇನ್ನೊಂದು ಪ್ರತಿಯಾಗುವಾಗ ಒಂದೆರಡು ಸ್ಖಾಲಿತ್ಯಗಳು ನುಸುಳುವುದು ಸಾಮಾನ್ಯ. ಬಹಳಷ್ಟು ಸ್ಖಾಲಿತ್ಯಗಳು ಅರ್ಥವನ್ನು ಕೆಡಿಸುತ್ತವೆ, ಆ ಪ್ರತಿ ಅಲ್ಲಿಗೇ ನಿಲ್ಲುತ್ತದೆ. ಕೆಲವು ಅರ್ಥವನ್ನು ಬದಲಿಸುವುದೇ ಇಲ್ಲ. ಎಲ್ಲೋ ಒಂದು, ಹೊಸ ಅರ್ಥವನ್ನು ಕೊಟ್ಟು, ಹೊಸ ಓದುಗರ ನಡುವೆ ಮೂಲಕ್ಕಿಂತ ಹೆಚ್ಚಾಗಿ ಪ್ರಚಾರವಾಗುತ್ತದೆ. ಇದಕ್ಕೆ 'ವಿಕೃತಿ' ಎಂಬ ಪದವನ್ನು ಕೆಲವರು ಬಳಸಿದ್ದಾರೆ. ಅದರಲ್ಲಿ ದೋಷದ ಧ್ವನಿಯಿದೆ. ವೈರಸ್ಸಿನ ಪಾಲಿಗೆ ಅದು ದೋಷವೇ ಆಗಬೇಕೆಂದಿಲ್ಲ. 'ಉತ್ಪರಿವರ್ತನೆ'ಯೇ ವಾಸಿ.

ಹೀಮಾಗ್ಲುಟಿನಿನ್ನಿನ ತಲೆಭಾಗದಲ್ಲಿ ಸಯಾಲಿಕ್ ಆಮ್ಲವು ಕೂರುವ ಸಣ್ಣ ಗುಳಿಯೊಂದಿದೆ. ಗುಳಿಯ ತಳದಲ್ಲಿರುವ ಅಮೈನೋ ಆಮ್ಲಗಳು ಹಕ್ಕಿ, ಹಂದಿ, ಮನುಷ್ಯ ಎನ್ನದೆ ಎಲ್ಲ ವೈರಸ್ಸುಗಳಲ್ಲಿಯೂ ಬಹುಮಟ್ಟಿಗೆ ಒಂದೇ. ವ್ಯತ್ಯಾಸ ಇರುವುದು ಗುಳಿಯ ಅಂಚಿನಲ್ಲಿ, ಮುಖ್ಯವಾಗಿ 190, 225, 226, 228 ಎಂದು ಎಣಿಸಲಾದ ಸ್ಥಾನಗಳಲ್ಲಿ. ಹಕ್ಕಿಯ ವೈರಸ್ಸಿನಲ್ಲಿ 226ನೆಯ ಸ್ಥಾನದಲ್ಲಿರುವುದು ಗ್ಲುಟಮೀನ್. ಅದು ನೀರಿಗೆ ಒಲಿಯುವ ಗುಣದ್ದು. ನೀಳರೂಪದ ಸಕ್ಕರೆಯು ತನ್ನ ನೀರೊಲವಿನ ಪಾರ್ಶ್ವವನ್ನು ಅತ್ತ ತೋರಿಸುವುದರಿಂದ ಎರಡಕ್ಕೂ ಹೊಂದಿಕೆಯಾಗುತ್ತದೆ. ಆ ಜಾಗಕ್ಕೆ ಲ್ಯೂಸೀನ್ ಬಂದಿತೆನ್ನಿ. ಅದು ಎಣ್ಣೆಯ ಗುಣದ್ದು, ನೀರನ್ನು ಒಲ್ಲದು. ಬಾಗಿದ ರೂಪದ ಸಕ್ಕರೆಯು ತನ್ನ ಎಣ್ಣೆಗುಣದ ಪಾರ್ಶ್ವವನ್ನು ಅತ್ತ ಒಡ್ಡುವುದರಿಂದ ಈಗ ಅದಕ್ಕೆ ಹೊಂದಿಕೆ, ನೀಳರೂಪಕ್ಕೆ ಇರುಸುಮುರುಸು. ಇಷ್ಟು ದೊಡ್ಡ ಪರಿಣಾಮಕ್ಕೆ ಓಲೆಯಲ್ಲಿ ಬೇಕಾದ ತಿದ್ದುಪಡಿ ಎಷ್ಟು? ಗ್ಲುಟಮೀನನ್ನು ಸೂಚಿಸುವ ಮೂರಕ್ಷರದ ಪದ 'ಸಿಎಜಿ'. ಲ್ಯೂಸೀನನ್ನು ಸೂಚಿಸುವ ಪದಗಳಲ್ಲೊಂದು 'ಸಿಯುಜಿ'. ನಡುವಿನ ಒಂದೇ ಅಕ್ಷರ.

ಸ್ಥಾನಸಂಖ್ಯೆಗಳ ಬಗ್ಗೆ ಇಲ್ಲಿಯೇ ಒಂದು ಎಚ್ಚರಿಕೆ ಅಗತ್ಯ. ಎಚ್3 ಪ್ರಭೇದವನ್ನು ಆಧಾರವಾಗಿಟ್ಟುಕೊಂಡು ಎಣಿಸಿದಾಗ 225 ಆಗುವ ಸ್ಥಾನವು ಎಚ್1 ಪ್ರಭೇದದ ಸ್ವಂತ ಎಣಿಕೆಯಲ್ಲಿ 222. ಒಂದೇ ಪದ್ಯಕ್ಕೆ ಎರಡು ಸಂಪಾದನೆಗಳಲ್ಲಿ ಎರಡು ಸಂಖ್ಯೆ ಇರುವುದರಿಂದ ಪಡುವ ಪಾಡು ನಮಗೆ ಹೊಸದಲ್ಲ. ವೈರಸ್ ವಿಜ್ಞಾನಿಗಳೂ ಅದೇ ಪಾಡು ಪಡುತ್ತಿದ್ದಾರೆ. ಈ ಲೇಖನದಲ್ಲಿ ಎಚ್3 ಎಣಿಕೆಯನ್ನೇ ಅನುಸರಿಸಿದೆ, ಬೇರೆಯಾದಲ್ಲಿ ಸೂಚಿಸಲಾಗಿದೆ.

ಈ ಸ್ಥಾನಗಳ ಮಹತ್ತ್ವ ತಿಳಿಯಲು 1918ಕ್ಕೆ ಹೋಗಬೇಕು. ಆ ವರ್ಷದ ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು, ಸೆಪ್ಟೆಂಬರ್–ಅಕ್ಟೋಬರ್ ವೇಳೆಗೆ ಭೀಕರವಾದ ಎರಡನೆಯ ಅಲೆಯಾಗಿ ಒಳನಾಡಿಗೆ ನುಗ್ಗಿದ ಇನ್‌ಫ್ಲುಯೆಂಜಾ, ಭಾರತದಲ್ಲಿ ಒಂದು ಕೋಟಿಗೂ ಮೀರಿದ ಜನರನ್ನು ಬಲಿತೆಗೆದುಕೊಂಡಿತು. ರೈಲುಮಾರ್ಗಗಳು ಅದರ ಹರಡುವಿಕೆಗೆ ದಾರಿಯಾದವೆಂಬುದನ್ನು ಇತಿಹಾಸಕಾರರು ಒಪ್ಪುತ್ತಾರೆ. ಯಾದಗಿರಿಯು 1871ರಲ್ಲಿ ಪೂರ್ಣಗೊಂಡ ಮುಂಬಯಿ–ಮದರಾಸು ರೈಲುಮಾರ್ಗದ ಮೇಲಿನ ಊರು. ಯಾದಗಿರಿ, ಶಹಾಪುರ, ಸುರಪುರಗಳು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದ ಗುಲಬರ್ಗಾ ಜಿಲ್ಲೆಗೆ ಸೇರಿದ್ದವು. 1911ರ ಜನಗಣತಿಯಲ್ಲಿ 1 ಕೋಟಿ 33 ಲಕ್ಷಕ್ಕೂ ಹೆಚ್ಚಿದ್ದ ಸಂಸ್ಥಾನದ ಜನಸಂಖ್ಯೆ 1921ರಲ್ಲಿ 1 ಕೋಟಿ 24 ಲಕ್ಷದಷ್ಟಕ್ಕೆ ಇಳಿದಿತ್ತು. ಬರ, ಪ್ಲೇಗುಗಳ ಪಾಲೂ ಅದರಲ್ಲಿದೆಯಾದರೂ ಇನ್‌ಫ್ಲುಯೆಂಜಾದ ಪಾಲು ದೊಡ್ಡದು. ಬೆಳೆಯಬೇಕಾದ ಜನಸಂಖ್ಯೆ ಹತ್ತು ವರ್ಷಗಳಲ್ಲಿ ಒಂಬತ್ತು ಲಕ್ಷ ಕುಗ್ಗಿದ ಈ ಸಂಗತಿಗೆ ನಮ್ಮ ಪ್ರಾದೇಶಿಕ ಚರಿತ್ರೆಯ ಬರಹಗಳಲ್ಲಿ ದೊರೆತಿರುವ ಸ್ಥಳ ಅತ್ಯಲ್ಪವೆಂದು ಹೇಳದೆ ವಿಧಿಯಿಲ್ಲ.

ಆ ವೈರಸ್ಸಿನ ಗ್ರಂಥಪಾಠವನ್ನು ಅಲಾಸ್ಕಾದ ಹೆಪ್ಪುನೆಲದಲ್ಲಿ ಹೂತಿದ್ದ ದೇಹದಿಂದಲೂ ಅಮೆರಿಕದ ಸೈನಿಕರ ಸಂರಕ್ಷಿತ ಅಂಗಾಂಶಗಳಿಂದಲೂ ಬಿಡಿಬಿಡಿಯಾಗಿ ಸಂಗ್ರಹಿಸಿ, ಜೆಫ್ರಿ ಟೌಬೆನ್‌ಬರ್ಗರ್ ಮತ್ತು ಸಂಗಡಿಗರು 2005ರಲ್ಲಿ ಪೂರ್ಣಗೊಳಿಸಿದರು. ಭಗ್ನಪ್ರತಿಗಳಿಂದ ಮೂಲಪಾಠವನ್ನು ಕಟ್ಟಿದ ಈ ಕೆಲಸ ಯಾವ ಗ್ರಂಥಸಂಪಾದನೆಗೂ ಕಡಿಮೆಯಾದುದಲ್ಲ. ಹಕ್ಕಿಗಳ ಎಚ್1 ಪ್ರೋಟೀನಿಗೆ ಹೋಲಿಸಿದಾಗ 190ನೆಯ ಸ್ಥಾನದ ಗ್ಲುಟಾಮಿಕ್ ಆಮ್ಲ ಹೋಗಿ ಆಸ್ಪಾರ್ಟಿಕ್ ಆಮ್ಲ ಬಂದಿತ್ತು. 225ರಲ್ಲಿ ಗ್ಲೈಸೀನ್ ಹೋಗಿ ಮತ್ತೆ ಆಸ್ಪಾರ್ಟಿಕ್ ಆಮ್ಲ ಬಂದಿತ್ತು. ದಕ್ಷಿಣ ಕೆರೊಲಿನಾದ ಪ್ರತಿಯಲ್ಲಿ ಎರಡೂ ಬದಲಾವಣೆಗಳಿದ್ದು ಅದು ಬಾಗಿದ ರೂಪವನ್ನು ಹಿಡಿಯುತ್ತಿತ್ತು. ನ್ಯೂಯಾರ್ಕಿನ ಪ್ರತಿಯಲ್ಲಿ ಮೊದಲನೆಯದು ಮಾತ್ರ ಇದ್ದು ಅದು ಎರಡೂ ರೂಪಗಳನ್ನು ಹಿಡಿಯುತ್ತಿತ್ತು. 2007ರಲ್ಲಿ ಟೆರೆನ್ಸ್ ಟಂಪಿ ಮತ್ತು ಸಂಗಡಿಗರು ಪುನಾರಚಿಸಿದ ವೈರಸ್ಸಿನಲ್ಲಿ ಈ ಎರಡು ಸ್ಥಾನಗಳನ್ನು ಹಕ್ಕಿಯ ಪಾಠಕ್ಕೆ ಮರಳಿಸಿ ಫೆರೆಟ್ ಎಂಬ ಮುಂಗುಸಿಯಂತಹ ಪ್ರಾಣಿಗಳಲ್ಲಿ ಪರೀಕ್ಷಿಸಿದರು. ಸೋಂಕು ತಗಲಿಸಿದ ಪ್ರಾಣಿಗಳಿಗೆ ಅದು ಹಿಂದಿನಷ್ಟೇ ಮಾರಕವಾಗಿತ್ತು. ಆದರೆ ಪಕ್ಕದ ಪಂಜರದ ಪ್ರಾಣಿಗೆ ದಾಟಲಿಲ್ಲ. ಕೊಲ್ಲುವ ಶಕ್ತಿ ಬೇರೆ, ಹರಡುವ ಶಕ್ತಿ ಬೇರೆ ಎಂಬುದು ಇದರಿಂದ ಸ್ಪಷ್ಟವಾಯಿತು.

1957ರ ಎಚ್2ಎನ್2 ಮತ್ತು 1968ರ ಎಚ್3ಎನ್2 ಮಹಾಮಾರಿಗಳ ದಾರಿ ಬೇರೆ. ಅವು 226ರಲ್ಲಿ ಲ್ಯೂಸೀನನ್ನೂ 228ರಲ್ಲಿ ಗ್ಲೈಸೀನಿಗೆ ಬದಲು ಸೆರೀನನ್ನೂ ಪಡೆದು ಮನುಷ್ಯನಿಗೆ ಒಗ್ಗಿಕೊಂಡವು. 2009ರ ಎಚ್1ಎನ್1 ಹಂದಿಗಳಿಂದ ಬಂದದ್ದು. ಅದರ ಮೊದಲ ಪ್ರಕರಣ ಭಾರತದಲ್ಲಿ ದೃಢಪಟ್ಟದ್ದು ಮೇ ತಿಂಗಳಲ್ಲಿ, ಯಾದಗಿರಿಗೆ ಹತ್ತಿರದ ಮಹಾನಗರವಾದ ಹೈದರಾಬಾದಿನಲ್ಲಿ. ಅದೇ ವರ್ಷ ಡಿಸೆಂಬರ್ 30ರಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಹೊಸ ಜಿಲ್ಲೆ ಹುಟ್ಟಿದ್ದೇ ಮಹಾಮಾರಿಯ ನಡುವೆ. ಅದಕ್ಕೆ ತುಸು ಮುನ್ನ, ನವೆಂಬರಿನಲ್ಲಿ, ನಾರ್ವೆ ದೇಶದಿಂದ ಒಂದು ವರದಿ ಬಂದಿತು. ಎಚ್1 ಎಣಿಕೆಯ 222ನೆಯ ಸ್ಥಾನದ ಆಸ್ಪಾರ್ಟಿಕ್ ಆಮ್ಲವು ಗ್ಲೈಸೀನಾದ ಪಾಠಾಂತರವು, ತೀವ್ರವಾಗಿ ಕಾಯಿಲೆಬಿದ್ದವರಲ್ಲಿ ಹೆಚ್ಚಾಗಿ ಕಂಡುಬಂದಿತ್ತು. ನ್ಯೂಯಾರ್ಕಿನ ಹಳೆಯ ಪ್ರತಿಯ ಸ್ಥಿತಿಗೇ ಇದು ಸಮೀಪದ್ದು: ಬಾಗಿದ ರೂಪದೊಡನೆ ನೀಳರೂಪವನ್ನೂ ಹಿಡಿದು ಶ್ವಾಸಕೋಶದ ಆಳಕ್ಕಿಳಿಯಬಲ್ಲುದು. ಆದರೆ ಈ ಪಾಠಾಂತರ ವ್ಯಾಪಕವಾಗಿ ಹರಡಲಿಲ್ಲ.

ಅಂಟುವಿಕೆಯ ಜೊತೆಗೆ ಬಿಡಿಸಿಕೊಳ್ಳುವಿಕೆಯನ್ನೂ ನೋಡದೆ ಚಿತ್ರ ಪೂರ್ಣವಾಗದು. ಮೂಗಿನ ಲೋಳೆಯಲ್ಲಿಯೂ ಸಯಾಲಿಕ್ ಆಮ್ಲ ಧಾರಾಳವಾಗಿದೆ. ಅತಿಯಾಗಿ ಅಂಟುವ ವೈರಸ್ಸು ಲೋಳೆಯಲ್ಲಿಯೇ ಸಿಕ್ಕಿಬೀಳುತ್ತದೆ. ಕೋಶದಿಂದ ಹೊರಬರುವ ಮರಿವೈರಸ್ಸುಗಳೂ ತಾಯಿಕೋಶಕ್ಕೇ ಅಂಟಿಕೊಂಡು ಉಳಿಯುತ್ತವೆ. ನ್ಯೂರಾಮಿನಿಡೇಸ್ ಈ ಬಂಧನಗಳನ್ನು ಕತ್ತರಿಸುತ್ತದೆ. ಒಸೆಲ್ಟಾಮಿವಿರ್ ಎಂಬ ಔಷಧ ತಡೆಯುವುದು ಈ ಕತ್ತರಿಯನ್ನೇ. ಅಂಟು ಹೆಚ್ಚಿದರೆ ಕತ್ತರಿಯೂ ಹರಿತವಾಗಬೇಕು, ಅಂಟು ಕುಗ್ಗಿದರೆ ಕತ್ತರಿ ಮೊಂಡಾದರೂ ನಡೆಯುತ್ತದೆ. ಒಂದರ ಬದಲಾವಣೆ ಇನ್ನೊಂದರ ಬದಲಾವಣೆಯನ್ನು ಬೇಡುತ್ತದೆ. ಲಸಿಕೆಯ ತಯಾರಿಕೆಯಲ್ಲಿಯೂ ಇಂತಹುದೇ ತೊಡಕು. ಮನುಷ್ಯನ ಎಚ್3ಎನ್2 ವೈರಸ್ಸನ್ನು ಕೋಳಿಮೊಟ್ಟೆಯಲ್ಲಿ ಬೆಳೆಸಿದಾಗ ಅದು ಅಲ್ಲಿನ ನೀಳರೂಪಕ್ಕೆ ಒಗ್ಗಿಕೊಳ್ಳಲು ಗುಳಿಯ ಅಂಚನ್ನು ತಿದ್ದಿಕೊಳ್ಳುತ್ತದೆ. ಆ ತಿದ್ದುಪಡಿಯೇ ಲಸಿಕೆಯನ್ನು ಹೊರಗೆ ಹರಡುತ್ತಿರುವ ವೈರಸ್ಸಿನಿಂದ ತುಸು ಬೇರೆಯಾಗಿಸುತ್ತದೆ. ಲಿಪಿಕಾರನು ತನ್ನ ಸೀಮೆಯ ಉಚ್ಚಾರಣೆಗೆ ತಕ್ಕಂತೆ ಕಾವ್ಯವನ್ನು ತಿದ್ದಿ ಬರೆದಂತೆ.

ಈಗ ಬೋನಾಳದ ಪ್ರಶ್ನೆಗೆ ಮರಳಬಹುದು. 226ರ ಒಂದಕ್ಷರ ಸಾಕಾದರೆ, ಇಷ್ಟು ವರ್ಷ ಕೋಟ್ಯಂತರ ಹಕ್ಕಿಗಳಲ್ಲಿ ನಕಲಾಗುತ್ತ ಬಂದ ಎಚ್5ಎನ್1 ಏಕೆ ಮನುಷ್ಯನ ರೋಗವಾಗಲಿಲ್ಲ? 2012ರಲ್ಲಿ ರಾನ್ ಫೌಚಿಯರ್ ಮತ್ತು ಯೊಶಿಹಿರೊ ಕವಾವೊಕ ಅವರ ತಂಡಗಳು ಬೇರೆಬೇರೆಯಾಗಿ ನಡೆಸಿ, ಬಹಳ ವಿವಾದಕ್ಕೂ ಗುರಿಯಾದ ಪ್ರಯೋಗಗಳು ಇದಕ್ಕೆ ಭಾಗಶಃ ಉತ್ತರ ಕೊಟ್ಟವು. ಎಚ್5 ವೈರಸ್ಸು ಫೆರೆಟ್‌ಗಳಲ್ಲಿ ಗಾಳಿಯ ಮೂಲಕ ದಾಟಲು 226ರ ಬದಲಾವಣೆ ಬೇಕಾಯಿತು, ಆದರೆ ಅದೊಂದೇ ಸಾಲಲಿಲ್ಲ. ಗುಳಿಯ ಹತ್ತಿರ ಸಕ್ಕರೆಯ ಹೊದಿಕೆಯೊಂದು ಕಳಚಬೇಕಾಯಿತು. ಪ್ರೋಟೀನಿನ ಕಾಂಡಭಾಗ ಗಾಳಿಯಲ್ಲಿ ಕೆಡದಷ್ಟು ಗಟ್ಟಿಯಾಗಬೇಕಾಯಿತು. ಮನುಷ್ಯನ ಕೋಶದೊಳಗೆ ಚುರುಕಾಗಿ ಕೆಲಸ ಮಾಡಲು ನಕಲುಮಾಡುವ ಕಿಣ್ವವೂ ಬದಲಾಗಬೇಕು. ಒಂದು ಪದ ತಿದ್ದಿದರೆ ವಾಕ್ಯದ ಅನ್ವಯ ಕೆಡುತ್ತದೆ, ಅನ್ವಯ ಸರಿಪಡಿಸಲು ಮತ್ತೆರಡು ಪದ ತಿದ್ದಬೇಕಾಗುತ್ತದೆ. ಎಲ್ಲವೂ ಒಂದೇ ಪ್ರತಿಯಲ್ಲಿ ಕೂಡಿಬರುವುದು ಅಪರೂಪ.

ಹಾಗೆಂದು ನಿಶ್ಚಿಂತೆಗೂ ಆಧಾರವಿಲ್ಲ. 2024ರಲ್ಲಿ ಅಮೆರಿಕದ ಹಾಲಿನ ಹಸುಗಳಲ್ಲಿ ಎಚ್5ಎನ್1 ಹರಡಿದ ಮೇಲೆ, ಆ ವೈರಸ್ಸಿನ ಪ್ರೋಟೀನನ್ನು ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯವರು ಪರೀಕ್ಷಿಸಿ ಡಿಸೆಂಬರಿನಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಈಗಿನ ಪ್ರಭೇದದಲ್ಲಿ 226ರ ಒಂದೇ ಬದಲಾವಣೆಯಿಂದ ಅಂಟುವಿಕೆ ನೀಳರೂಪದಿಂದ ಬಾಗಿದ ರೂಪಕ್ಕೆ ಹೊರಳುತ್ತದೆ. ಹಿಂದಿನ ಎಚ್5ಗಳಿಗೆ ಹಲವು ಬದಲಾವಣೆಗಳು ಬೇಕಾಗಿದ್ದವು. ಈ ಪ್ರಯೋಗ ನಡೆದದ್ದು ಬಿಡಿ ಪ್ರೋಟೀನಿನ ಮೇಲೆ, ಜೀವಂತ ವೈರಸ್ಸಿನ ಮೇಲಲ್ಲ ಎಂಬುದನ್ನೂ ಅಂಟುವುದಷ್ಟೇ ಹರಡುವುದಲ್ಲವೆಂಬುದನ್ನೂ ಸುದ್ದಿಪತ್ರಿಕೆಗಳು ಅನೇಕ ವೇಳೆ ಮರೆತವು.

ಕರ್ನಾಟಕಕ್ಕೆ ಹಕ್ಕಿಜ್ವರ ಅಪರಿಚಿತವಲ್ಲ. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರ ಕುಕ್ಕುಟ ಅಭಿವೃದ್ಧಿ ಸಂಸ್ಥೆಯ ಟರ್ಕಿ ಕೋಳಿಗಳಲ್ಲಿ ಎಚ್5ಎನ್1 ಕಾಣಿಸಿಕೊಂಡಿತು. 2020ರ ಮಾರ್ಚಿನಲ್ಲಿ ಮೈಸೂರು ಮತ್ತು ದಾವಣಗೆರೆ ಜಿಲ್ಲೆಗಳಲ್ಲಿ ಹಕ್ಕಿಜ್ವರ ವರದಿಯಾಯಿತು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿಯೂ ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿಯೂ ಕೋಳಿಗಳು ಸತ್ತವು. 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಭಾರತದ ಮೊದಲ ಪ್ರಕರಣ ದೃಢಪಟ್ಟಾಗ, ರೋಗವಿಲ್ಲದ ಊರುಗಳಲ್ಲಿಯೂ ಕೋಳಿ ಕೊಳ್ಳುವವರಿಲ್ಲದೆ ಸಾಕಣೆದಾರರು ನಷ್ಟಕ್ಕೀಡಾದರು. ಬೇಯಿಸಿದ ಮಾಂಸದಿಂದ ಅಪಾಯವಿಲ್ಲವೆಂದು ಆಗಲೂ ಸಾರಲಾಯಿತು. ಏಕೆಂಬುದನ್ನು ಹೇಳಿದ ಕರಪತ್ರ ಈ ಲೇಖಕನ ಕಣ್ಣಿಗೆ ಬೀಳಲಿಲ್ಲ. ಮೇಲಿನ ವಿವರಣೆಯಿಂದ ಅದು ತಾನಾಗಿಯೇ ತಿಳಿಯುತ್ತದೆ. ಹೀಮಾಗ್ಲುಟಿನಿನ್ ಒಂದು ಮಡಿಕೆಗೊಂಡ ಪ್ರೋಟೀನು. ಮಾಂಸದ ಒಳಭಾಗವೂ 70 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆ ಬೇಯಿಸಿದಾಗ ಆ ಮಡಿಕೆ ಬಿಚ್ಚಿಹೋಗಿ ಸಕ್ಕರೆಯನ್ನು ಹಿಡಿಯುವ ಗುಳಿಯೇ ಇಲ್ಲವಾಗುತ್ತದೆ. ಮೊಟ್ಟೆಯ ಬಿಳಿಭಾಗ ಕುದಿಯುವಾಗ ಗಟ್ಟಿಯಾಗುವುದನ್ನು ಕಂಡ ಯಾರಿಗೂ ಇದನ್ನು ತಿಳಿಸಬಹುದು. ಕಾಯಿಸಿದ ಹಾಲಿಗೂ ಇದೇ ನ್ಯಾಯ. ಸತ್ತ ಹಕ್ಕಿಯ ರೆಕ್ಕೆಯ ಮೇಲೆ, ಹಿಕ್ಕೆಯಲ್ಲಿ, ಕೆರೆಯ ತಣ್ಣೀರಿನಲ್ಲಿ ಆ ಮಡಿಕೆ ದಿನಗಟ್ಟಲೆ ಕೆಡದೆ ಉಳಿಯಬಲ್ಲುದು. ಸತ್ತ ಹೆಬ್ಬಾತನ್ನು ಬರಿಗೈಯಲ್ಲಿ ಎತ್ತಿ, ಅದೇ ಕೈಯಿಂದ ಕಣ್ಣುಜ್ಜಿಕೊಳ್ಳುವ ಹುಡುಗನಿಗೆ ಹೇಳಬೇಕಾದದ್ದು ಇದನ್ನು. ಕೆರೆಗೆ ಬಂದ ಹಕ್ಕಿಗಳನ್ನು ಕಲ್ಲೆಸೆದು ಓಡಿಸಬೇಕೆಂಬುದಕ್ಕೆ ಈ ವಿವರಣೆಯಲ್ಲಿ ಎಲ್ಲಿಯೂ ಆಧಾರವಿಲ್ಲ.